ಪರದೆಯೊಳಗಿನ ಅಕ್ಷತೆ

ಭಾಲ್ಕಿ,
ಶುಕ್ರವಾರ, ೧೪ ನವೆಂಬರ್ ೨೦೨೫

ಚಿ. ಸೌ. ಕೇತಕಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾನು ಕುಮುದಿನಿ ನಾರಾಯಣರಾವ ದೇಶಮುಖ. ಖಟಕ ಚಿಂಚೋಳಿಯ ಮಗಳು, ಭಾತಂಬ್ರಾದ ಸೊಸೆ, ಭಾಲ್ಕಿಯ ಈ ಮನೆಗೆ ನಲವತ್ತೇಳು ವರ್ಷದಿಂದ ಯಜಮಾನಿ. ಹತ್ತನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದವಳು. ನಮ್ಮ ಓಣಿಯಲ್ಲಿ ನಾನು ಹೋಗಿ ಕೂಡುವ ತನಕ ಯಾರ ಮನೆಯಲ್ಲೂ ಅರಿಶಿನ ಕುಂಕುಮ ಶುರುವಾಗುವುದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ. ಈ ಪತ್ರ ಬರೆಯುತ್ತಿರುವವಳು ಯಾರು ಎಂಬುದು ಮೊದಲೇ ಸ್ಪಷ್ಟವಿರಲಿ, ಏಕೆಂದರೆ ಇಂಥ ಪತ್ರವನ್ನು ಇವಳು ಇದುವರೆಗೆ ಯಾರಿಗೂ ಬರೆದಿಲ್ಲ.

ನಿನ್ನ ಕಾಗದ ತುಳಸಿ ಲಗ್ನದ ದಿನ ನನ್ನ ಮಗ ಮಕರಂದನ ಕೈಯಲ್ಲಿ ಬಂತು. ಇವತ್ತಿಗೆ ಹನ್ನೆರಡು ದಿನ. ತಡವಾದದ್ದಕ್ಕೆ ಬೇಸರಿಸಬೇಡ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಫೋನು ಕಿವಿಗೆ ಹಿಡಿದ ಕೂಡಲೇ ನನ್ನ ದನಿ ತಾನಾಗಿ ಏರುತ್ತದೆ, ನೀನು ಸುಮ್ಮನಾಗುತ್ತೀ. ಆಮೇಲೆ ಇಬ್ಬರೂ ಥಂಡಿ, ಊಟ, ಕೂಸಿನ ನೆಗಡಿ ಎಂದು ಮಾತಾಡಿ ಇಟ್ಟುಬಿಡುತ್ತೇವೆ. ಮೂರು ಸಲ ಹಾಗೇ ಆಯಿತು. ಕಾಗದದ ಮೇಲೆ ದನಿ ಏರಿಸಲು ನನಗೆ ಬರುವುದಿಲ್ಲ.

ಔರಾದಿನಲ್ಲಿ ನಿನ್ನ ತಾಯಿಯವರ ಮೊಣಕಾಲು ನೋವು ಹೇಗಿದೆ? ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಲು ಹೇಳು. ಇಲ್ಲಿ ಎಲ್ಲರೂ ಕ್ಷೇಮ. ತೊಗರಿ ಹೂ ಬಿಟ್ಟಿದೆ ಎಂದು ನಿಮ್ಮ ಮಾವನವರು ಭಾತಂಬ್ರಾಕ್ಕೆ ಹೋಗಿ ಎರಡು ಸಲ ನೋಡಿ ಬಂದರು. ಮೊಮ್ಮಗಳು ಮುಕ್ತಾ ಇಲ್ಲದೆ ಅವರಿಗೆ ಪೇಪರ್ ಓದಲಾಗುತ್ತಿಲ್ಲ. ಗಟ್ಟಿಯಾಗಿ ಓದಿ ರೂಢಿ, ಕೇಳುವವರು ಬೇಕು. ಮೊನ್ನೆ ನನ್ನ ಮುಂದೆ ಓದಲು ಕೂತರು. ನಾನು ಎರಡನೆಯ ಸುದ್ದಿಗೇ ಎದ್ದೆ. “ಮುಕ್ತಾ ಆದ್ರ ಕ್ರಿಕೆಟ್ ಸುದ್ದಿ ಮುಗಿಯೋ ತನಕ ಕೂಡ್ತಿದ್ಲು” ಎಂದು ನನ್ನ ಬೆನ್ನಿಗೆ ಹೇಳಿದರು.

ಈಗ ಮೊದಲು ಹೇಳಬೇಕಾದ ಉಪಕಾರದ ಮಾತು. ಪರದೆಗೆ ಗಾರ್ಡ್ ಹಾಕಿಸಿಕೊಂಡು ಬರಲು ನಿನ್ನೆ ನೀನು ಮುಕ್ತಾಳ ಲ್ಯಾಪ್‌ಟಾಪನ್ನು ಮಕರಂದನ ಕೈಯಲ್ಲಿ ಎರಡು ದಿನದ ಮಟ್ಟಿಗೆ ಕೊಟ್ಟು ಕಳಿಸಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ. ಎಂಟು ವರ್ಷದ ಕೂಸಿಗೆ ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಆ ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಮಾತ್ರ ಅವಳ ಮಾತು ನಮಗೆ ಕೇಳುತ್ತದೆ. ಅದನ್ನು ಒಮ್ಮೆ ಒಡೆದ ಮನೆಗೇ ನೀನು ಮತ್ತೆ ಕಳಿಸಿದೆ. ಎರಡು ದಿನಕ್ಕೆ ಅವಳಿಗೆ ಚಿತ್ರ ಅಂಟಿಸಿದ ಹಾಳೆ ಸಾಕು ಎಂದೆಯಂತೆ. ಮಕರಂದ ಇದನ್ನು ಹೇಳಿದಾಗ ನಾನು ಒಳಗೆ ಹೋಗಿ ಸುಮ್ಮನೆ ಡಬ್ಬಿಗಳನ್ನು ಹೊಂದಿಸುತ್ತ ನಿಂತೆ.

ಇವತ್ತು ಮುಂಜಾನೆ ಅವನಿಗೆ ಬಸ್ ಡಿಪೋದಲ್ಲಿ ಡ್ಯೂಟಿ ಇತ್ತು. ಹಾಗಾಗಿ ಬೀದರಿಗೆ ನಾನೇ ಬಸ್ಸಿನಲ್ಲಿ ಒಯ್ದೆ. ನಿನ್ನ ಕಾಗದದ ಎರಡನೆಯ ಸಾಲಿನಂತೆ ಎರಡೂ ಕೈಯಿಂದ ಹಿಡಿದು, ತೊಡೆಯ ಮೇಲೆ ದುಪ್ಪಟಿ ಮಡಚಿ ಹಾಸಿ, ಅದರ ಮೇಲೆ ಇಟ್ಟುಕೊಂಡೆ. ಕಂಡಕ್ಟರ್ ಬಂದು, “ಆಯಿ, ಬ್ಯಾಗ ಮ್ಯಾಲೆ ಇಡ್ರಿ, ಆರಾಮ ಕೂಡ್ರಿ” ಎಂದ. “ಇದು ಬ್ಯಾಗ ಅಲ್ಲ ತಮ್ಮಾ, ನನ್ನ ಮೊಮ್ಮಗಳ ನಾಲಗಿ ಅದ” ಎಂದೆ. ಅವನು ನನ್ನ ಮುಖ ನೋಡಿ ಪಕ್ಕದ ಸೀಟಿನವಳಿಗೆ ತುಸು ಸರಿಯಲು ಹೇಳಿ ಹೋದ.

ನಿನ್ನ ಕಾಗದದಲ್ಲಿ ಹನ್ನೊಂದು ಸಾಲುಗಳಿವೆ. ಲ್ಯಾಪ್‌ಟಾಪಿನ ಪರದೆಯನ್ನು ಹೇಗೆ ಜೋಪಾನ ಮಾಡಬೇಕು ಎಂಬುದು ಬಿಟ್ಟರೆ ಬೇರೆ ಒಂದು ಅಕ್ಷರವೂ ಇಲ್ಲ. “ಇಷ್ಟು ಆದ ಮ್ಯಾಲೆ ಬರೋದು ನೋಡೋಣು ಅಂದಾಳ” ಎಂದು ಮಕರಂದ ನೆಲ ನೋಡುತ್ತ ಹೇಳಿದ. ದೀಪಾವಳಿಗೆಂದು ತವರಿಗೆ ಹೋದ ಸೊಸೆ ತುಳಸಿ ಲಗ್ನ ಮುಗಿದರೂ ಬರಲಿಲ್ಲ, ಬಂದದ್ದು ಒಂದು ಹಾಳೆ. ಮೊದಲ ದಿನ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. ಎರಡನೆಯ ದಿನ ಅದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಓದಿದೆ. ಮೂರನೆಯ ದಿನ ವಜೀರಬೀಯನ್ನು ಕರೆಸಿದೆ.

ಬಳೆಗಾರ್ತಿ ವಜೀರಬೀ ನಿನಗೆ ಗೊತ್ತಲ್ಲ, ಮದುವೆಯಾದಾಗಿನಿಂದ ನನ್ನ ಕೈಗೆ ಬಳೆ ತೊಡಿಸುವವಳು ಅವಳೇ. ಬುಟ್ಟಿ ಇಳಿಸಿ ಕೂತು, “ಹೊಸಾ ಬಳಿ ಏನ್ರಿ ಬಾಯಿ?” ಎಂದಳು.

“ಏರ್ಸೋದಲ್ಲ, ಇಳ್ಸೋದು. ಬಲಗೈಯಾನ ಬಂಗಾರದ ಪಾಟಲಿ ಎರಡೂ ತಗಿ. ಉಂಗುರನೂ ತಗಿ.”

ಅವಳು ನನ್ನ ಕೈ ಬಿಟ್ಟು ಮೊದಲು ಪಡಸಾಲೆಯ ಕಡೆ ಇಣುಕಿದಳು. “ಸಾಹೇಬ್ರು ಛಲೋ ಇದ್ದಾರಲ್ರಿ?”

ಪೇಪರಿನ ಹಿಂದಿನಿಂದ ನಿಮ್ಮ ಮಾವನವರು ಹೇಳಿದರು: “ನಾ ಇನ್ನೂ ಜೀವಂತ ಇದ್ದೇನಿ ವಜೀರಬೀ. ಲ್ಯಾಪ್‌ಟಾಪಿನ ಸಲುವಾಗಿ ತಗಸ್ಲಿಕ್ಕತ್ತಾಳ, ನನ್ನ ಸಲುವಾಗಿ ಅಲ್ಲ.”

ಪಾಟಲಿಗಳು ಸಾಬೂನಿಗೆ ಬಂದವು. ಉಂಗುರ ಬರಲಿಲ್ಲ. ಎಣ್ಣೆ ಹಚ್ಚಿದಳು, ದಾರ ಸುತ್ತಿದಳು, ನಡುನಡುವೆ ನನ್ನ ಹಟವನ್ನೂ ನನ್ನ ಬೆರಳಿನ ದಪ್ಪವನ್ನೂ ಒಟ್ಟಿಗೇ ಬೈದಳು. ಕೊನೆಗೆ ಉಂಗುರ ಕೈಗೆ ಬಂದಾಗ, “ಬೆರಳು ಜೋಡಿ ಬರಲಿಲ್ಲ, ಶುಕರ್ ಅನ್ರಿ” ಎಂದಳು. ಆ ಉಂಗುರದ ಹರಳಿನ ಹಲ್ಲುಗಳೇ ಹಳೆಯ ಪರದೆಯ ಮೇಲೆ ಎರಡು ಉದ್ದ ಗೆರೆ ಎಳೆದಿದ್ದು. ಮುಕ್ತಾಳ ಬೆರಳು ಹಿಡಿದು ಚಿತ್ರ ಒತ್ತಿಸಲು ನಾನು ಕೂಡುತ್ತಿದ್ದೆನಲ್ಲ, ಆಗ. ನೀನು ಅದನ್ನು ನೋಡಿ ಒಮ್ಮೆಯೂ ಏನೂ ಅನ್ನಲಿಲ್ಲ. ಈಗ ನಿನ್ನ ಕಾಗದದ ನಾಲ್ಕನೆಯ ಸಾಲು ‘ಉಂಗುರ, ಬಳೆ ತಾಗದಂತೆ’ ಎಂದಷ್ಟೇ ಹೇಳುತ್ತದೆ, ಯಾರ ಉಂಗುರ ಎಂದು ಹೇಳುವುದಿಲ್ಲ. ಬಲಗೈಯಲ್ಲಿ ಈಗ ಎರಡು ಹಸಿರು ಗಾಜಿನ ಬಳೆ ಮಾತ್ರ ಇವೆ. ಅವನ್ನೂ ಮೊಣಕೈಯ ಕಡೆ ಏರಿಸಿಕೊಂಡು ಕೂಡುತ್ತೇನೆ. ಬೆರಳಿನ ಮೇಲೆ ಉಂಗುರದ ಬಿಳಿ ಗುರುತು ಇನ್ನೂ ಇದೆ.

ಬೀದರಿನಲ್ಲಿ ಚೌಬಾರಾದ ಹತ್ತಿರ ಕರೀಮ ಸಾಬರ ಗಡಿಯಾರದ ಅಂಗಡಿ ಇತ್ತಲ್ಲ, ನಿಮ್ಮ ಮಾವನವರ ಕೈಗಡಿಯಾರ ಅಲ್ಲಿಯೇ ರಿಪೇರಿಯಾಗುತ್ತಿತ್ತು. ಈಗ ಅರ್ಧ ಅಂಗಡಿಯಲ್ಲಿ ಅವರ ಮೊಮ್ಮಗ ಅರ್ಫಾತ ಮೊಬೈಲು, ಲ್ಯಾಪ್‌ಟಾಪು ನೋಡುತ್ತಾನೆ. ನಮ್ಮ ಪರದೆ ಬದಲಿಸಿಕೊಟ್ಟವನು ಅವನೇ. ಮುದುಕರು ಇನ್ನೂ ಬಾಗಿಲ ಬದಿಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂಡುತ್ತಾರೆ. ಇವತ್ತು ಅರ್ಫಾತ ಗಾರ್ಡ್ ಅಂಟಿಸಲು ಧೂಳು ಹಾರಿಸುತ್ತಿದ್ದಾಗ ಅವರು ನನ್ನನ್ನು ಕೇಳಿದರು: “ಕುಮುದಿನಿಬಾಯಿ, ಮನ್ಯಾಗ ಇದು ಎದರ್ಲಿಂದ ಒರಸ್ತೀರಿ?”

“ಸೆರಗಿಲಿಂದ ಒರಸ್ತಿದ್ದೆ.”

“ಜರಿ ಸೆರಗೇನು?”

“ಹಬ್ಬಕ್ಕ ಜರಿ, ಉಳದ ದಿನ ಸಾದಾ.”

“ಜರಿ ಅಂದ್ರ ತಂತಿ ಅಲ್ಲೇನ್ರಿ ಬಾಯಿ. ಹಬ್ಬದ ದಿನ ತಂತಿಲಿಂದ ತಿಕ್ಕೀರಿ ಅಂದಂಗಾತು. ನಾ ಐವತ್ತು ವರ್ಷ ಗಡಿಯಾರದ ಗಾಜಿಗೆ ಹಳೇ ಮಲ್‌ಮಲ್ ಬಿಟ್ಟು ಬ್ಯಾರೆ ಬಟ್ಟಿ ಮುಟ್ಟಿಸಿಲ್ಲ.”

ಅರ್ಫಾತ ನಗುತ್ತ ಚಷ್ಮಾ ಒರೆಸುವಂಥ ನುಣುಪು ಬಟ್ಟೆ ಕೊಟ್ಟ. “ದಾದಾ, ಈಗ ಇದು ಬಂದದ.” ಮುದುಕರು ನನ್ನ ಕಡೆ ಬಾಗಿ ಮೆಲ್ಲಗೆ, “ಅದೂ ಇಟ್ಕೋರಿ, ಮಲ್‌ಮಲ್ನೂ ಇಟ್ಕೋರಿ, ಇವ್ಗ ಹೇಳಬ್ಯಾಡ್ರಿ” ಎಂದರು. ಮನೆಗೆ ಬಂದ ಕೂಡಲೇ ನಿಮ್ಮ ಮಾವನವರ ಅತಿ ಹಳೆಯ ಧೋತರ ತೆಗೆದು ನಾಲ್ಕು ತುಂಡು ಮಾಡಿದೆ. “ನನ್ನ ಪಾಲಿಗೆ ಏನರ ಉಳಸೀಯೇನು?” ಎಂದು ಕೇಳಿದರು. ಉಳಿಸಿಲ್ಲ.

ಅರ್ಫಾತ ನನಗೆ ಒರೆಸುವ ರೀತಿಯನ್ನೂ ಕಲಿಸಿದ. ಮೊದಲು ಲ್ಯಾಪ್‌ಟಾಪ್ ಆರಿಸಬೇಕು, ಧೂಳನ್ನು ಊದಿ ತೆಗೆಯಬೇಕು. ನೀರನ್ನು ಪರದೆಗೆ ಚಿಮುಕಿಸಬಾರದು, ಬಟ್ಟೆಯ ಒಂದು ಮೂಲೆಯನ್ನು ಮಾತ್ರ ತೇವ ಮಾಡಿಕೊಳ್ಳಬೇಕು. ಕಿಟಕಿಯ ಗಾಜು ಒರೆಸುವ ನೀಲಿ ನೀರು ಇದಕ್ಕೆ ವಿಷ. ಒತ್ತಿ ತಿಕ್ಕಬಾರದು, ಒಂದೇ ಕಡೆಗೆ ಎಳೆಯಬೇಕು. ಮುಕ್ತಾಳ ರಬ್ಬರು ತುದಿಯ ಪೆನ್ನಿನಲ್ಲಿ ಮಣ್ಣಿನ ಹರಳು ಸಿಕ್ಕಿದ್ದರೆ ಅದೇ ಗೀರುತ್ತದೆ, ದಿನಾ ತೊಳೆಯಬೇಕು. ಅವನ ಎದುರಿಗೇ ಮೂರು ಸಲ ಮಾಡಿ ತೋರಿಸಿದೆ. “ಪಾಸಾದ್ರಿ ಆಯಿ” ಎಂದ. ಪಡಸಾಲೆಯ ಗೋಡೆಗೂಡಿನಲ್ಲಿದ್ದ ಬೆಳ್ಳಿಯ ಸಾಮಾನನ್ನು ತೆಗೆದು ಪೆಟ್ಟಿಗೆಗೆ ಹಾಕಿದ್ದೇನೆ. ಆ ಗೂಡು ಇನ್ನು ಲ್ಯಾಪ್‌ಟಾಪಿನದು. ಅಲ್ಲಿಗೆ ಬಿಸಿಲು ಬರುವುದಿಲ್ಲ, ಮೇಲೆ ಏನನ್ನೂ ಇಡುವಷ್ಟು ಎತ್ತರವೂ ಇಲ್ಲ.

ಉಳಿದದ್ದು ಏಳನೆಯ ಸಾಲು. ‘ಮುಚ್ಚುವ ಮೊದಲು ಅಕ್ಷರದ ಗುಂಡಿಗಳ ಮೇಲೆ ಕೈಯಾಡಿಸಿ, ಏನೂ ಉಳಿದಿಲ್ಲ ಎಂದು ನೋಡುವುದು.’ ಈ ಸಾಲನ್ನು ನೀನು ಮೊದಲು ಬರೆಯಬಹುದಿತ್ತು, ಕೆಂಪು ಪೆನ್ನಿನಲ್ಲಿ ಬರೆಯಬಹುದಿತ್ತು, ಕೆಳಗೆ ಗೆರೆ ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಆರು ಸಾಲುಗಳ ಕೆಳಗೆ, ನಾಲ್ಕು ಸಾಲುಗಳ ಮೇಲೆ, ಯಾವ ಗುರುತೂ ಇಲ್ಲದೆ ಇಟ್ಟಿದ್ದೀ. ಕೇತಕಿ, ನಿನ್ನ ದೊಡ್ಡತನ ನನಗೆ ಕಂಡದ್ದು ಅಲ್ಲಿ.

ಹೋದ ಜನವರಿಯ ಆ ಮುಂಜಾನೆ ನಿನಗೆ ನೆನಪಿರಬೇಕು. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಹಿಂದಿನಿಂದ ನಿನ್ನ ದನಿಯಲ್ಲಿ ‘ಆಯಿ’ ಎಂದು ಕೇಳಿತು. “ಏನವಾ, ಕೈ ಹಿಟ್ಟಾಗ್ಯಾವ” ಎಂದೆ. ಮತ್ತೆ ‘ಆಯಿ’. “ಕಿವುಡಿ ಅಲ್ಲ ನಾ, ಏನ ಬೇಕು ಹೇಳು” ಎಂದು ಗದರಿ ತಿರುಗಿದರೆ ನೀನು ಅಲ್ಲಿ ಇರಲಿಲ್ಲ. ಖುರ್ಚಿಯಲ್ಲಿ ಮುಕ್ತಾ ಕೂತಿದ್ದಳು, ಅವಳ ಬೆರಳು ನನ್ನ ಫೋಟೋದ ಮೇಲಿತ್ತು. ನೀನು ನಿನ್ನ ದನಿ ತುಂಬಿಸಿ, ಒಂದೊಂದು ಮಾತಿಗೆ ಒಂದೊಂದು ಚಿತ್ರ ಕೂಡಿಸಿ ಸಿದ್ಧಮಾಡಿದ್ದೆ. ಸಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟು ನೀನು ಮನೆಯಲ್ಲಿ ಕೂತಾಗ ನಾನು ಏನೇನು ಅಂದಿದ್ದೆನೋ ಅದೆಲ್ಲ ಆ ಒಂದು ಕೂಗಿಗೆ ನನಗೆ ನೆನಪಾಯಿತು. ಎಂಟು ವರ್ಷಕ್ಕೆ ಮೊದಲ ಸಲ ಮೊಮ್ಮಗಳು ಕರೆದಿದ್ದಳು, ನಾನು ಗದರಿದ್ದೆ. ಆ ಮುಂಜಾನೆಯ ಉಪಕಾರವನ್ನು ನಿನಗೆ ಇವತ್ತಿನ ತನಕ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಒಂದು ಚಿತ್ರ ಮಾತ್ರ ನಾನು ತೆಗೆಸಿದೆ. ಎತ್ತಿದ ಅಂಗೈಯ ಚಿತ್ರ, ಮುಟ್ಟಿದರೆ ‘ಬ್ಯಾಡ’ ಎನ್ನುತ್ತಿತ್ತು. ನಾನು ಹಾಲು ತಂದರೆ ಒತ್ತುತ್ತಿದ್ದಳು, ಎಣ್ಣೆ ಹಚ್ಚಲು ಹೋದರೆ ಒತ್ತುತ್ತಿದ್ದಳು. “ನಮ್ಮ ಮನ್ಯಾಗ ಹಿರೇರಿಗೆ ಬ್ಯಾಡ ಅನ್ನೋ ರೂಢಿ ಇಲ್ಲ, ತಗಿ ಅದನ್ನ” ಎಂದೆ. ನೀನು ಒಂದು ಗಳಿಗೆ ನನ್ನನ್ನು ನೋಡಿ ತೆಗೆದುಬಿಟ್ಟೆ.

ಮಹಾನವಮಿಯ ದಿನ ಆಯುಧ ಪೂಜೆಗೆ ಮಕರಂದನ ನಟ್ಟು ಬಿಚ್ಚುವ ಪಾನಾ, ನನ್ನ ಹೊಲಿಗೆಯ ಕತ್ತರಿ, ಈಳಿಗೆ, ನಿಮ್ಮ ಮಾವನವರ ಪೆನ್ನು ಸಾಲಾಗಿ ಇಟ್ಟೆ. ನಡುವೆ ಲ್ಯಾಪ್‌ಟಾಪ್ ಇಟ್ಟೆ. ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಆಯುಧ ಇಲ್ಲ ಎಂದೇ ನಡುವೆ ಇಟ್ಟದ್ದು. ಗುಂಡಿಗಳ ಮೇಲೆ ವೀಳ್ಯದೆಲೆ, ಒಂದು ಅಡಿಕೆ, ಮೇಲೆ ಅಕ್ಷತೆ. ಪೂಜೆಯಾದದ್ದನ್ನು ಮರುದಿನದ ತನಕ ಬಳಸಬಾರದಲ್ಲ, ಅದಕ್ಕೆ ಮುಚ್ಚಳ ಮುಚ್ಚಿದೆ. ತುಸು ತಡೆಯಿತು. ಒತ್ತಿದೆ. ಮೇಲೆ ತೆಂಗಿನಕಾಯಿ ಇಟ್ಟು ಕೈಮುಗಿದೆ. ನೀನು ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ಮುಕ್ತಾ ತನ್ನ ಖುರ್ಚಿಯಲ್ಲಿ ನನ್ನ ಎದುರಿಗೇ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ನಸುಕಿನಲ್ಲಿ ಎದ್ದು ಎಲೆ ಅಡಿಕೆ ಎತ್ತಿದೆ. ದೇವರಮನೆಯ ಆ ಬೆಳಕಿನಲ್ಲಿ ಆರಿದ ಪರದೆಯ ಮೇಲೆ ನನಗೆ ಏನೂ ಕಾಣಲಿಲ್ಲ. ಹತ್ತು ಗಂಟೆಗೆ ನೀನು ತೆರೆದಾಗ ನಡುವಿನಿಂದ ಸುತ್ತಲೂ ಜೇಡನ ಬಲೆಯಂತೆ ಸೀಳು ಹರಡಿತ್ತು, ಎಲ್ಲಿ ಮುಟ್ಟಿದರೂ ಪರದೆ ಮಾತು ಕೇಳುತ್ತಿರಲಿಲ್ಲ. ಸಂಜೆ ಬನ್ನಿ ಕೊಡಲು ಓಣಿಯ ಹೆಣ್ಣುಮಕ್ಕಳು ಬಂದರು. ಬಂಗಾರದಂತೆ ಇರೋಣ ಎಂದು ಎಲೆ ಕೊಟ್ಟು ಕೊಂಡು ಮಾಡುವ ಹೊತ್ತಿನಲ್ಲಿ, ಹನ್ನೆರಡು ಜನರ ಎದುರಿಗೆ, ನಾನು ಹೇಳಿದ್ದು ಇದು: “ಹೆತ್ತ ಮಗಳ ಬಾಯಿ ಮುರದಾಳ ನೋಡ್ರಿ ನಮ್ಮ ಸೊಸಿ. ತಾಟು ಹಿಡದಂಗ ಒಂದ ಕೈಲಿಂದ ಹಿಡೀತಿದ್ಲು.” ನೀನು ಉಂಡಿಯ ತಾಟನ್ನು ನೆಲಕ್ಕೆ ಇಟ್ಟು ಒಳಗೆ ಹೋದೆ. 

ಹೊಸ ಪರದೆ ಹೈದರಾಬಾದಿನಿಂದ ಬರಲು ಎರಡು ವಾರವಾಯಿತು. ಆ ಎರಡು ವಾರ ಮುಕ್ತಾ ಬರಿಯ ಮೇಜಿನ ಮೇಲೆ ಬೆರಳು ಒತ್ತಿದಳು. ಯಾರೂ ತಿಳಿಯದಿದ್ದಾಗ ತನ್ನ ಮಣಿಕಟ್ಟು ತಾನೇ ಕಚ್ಚಿಕೊಂಡಳು. ಹತ್ತಿರ ಕೂಡಿಸಿಕೊಂಡರೆ ನನ್ನ ತೊಡೆಯ ಮೇಲೆ ಬೆರಳು ಒತ್ತುತ್ತಿದ್ದಳು, ಒಮ್ಮೆ ಎಡಕ್ಕೆ, ಒಮ್ಮೆ ಮೇಲೆ, ಒಮ್ಮೆ ಬಲಕ್ಕೆ. ಪರದೆಯ ಮೇಲೆ ಚಿತ್ರಗಳಿದ್ದ ಜಾಗಗಳವು.

ಅಕ್ಟೋಬರ್ ಹದಿನೆಂಟರ ಶನಿವಾರ ಮಕರಂದ ರಿಪೇರಿಯಾದ ಲ್ಯಾಪ್‌ಟಾಪ್ ತಂದ. ಎಲ್ಲರೂ ಪಡಸಾಲೆಯಲ್ಲಿದ್ದೆವು. ಮೊದಲು ಏನು ಕೇಳುತ್ತಾಳೋ ಎಂದು ನಾನು ಹಾಲು, ಬಿಸ್ಕಿಟು ಎಲ್ಲ ಸಿದ್ಧ ಇಟ್ಟಿದ್ದೆ. ಅವಳು ಮೂರು ಚಿತ್ರ ಒತ್ತಿದಳು. ‘ಆಯಿ.’ ‘ದೇವರು.’ ‘ಅನ್ನ.’

“ನೈವೇದ್ಯ ಬೇಕಂತ ಕೂಸಿಗೆ” ಎಂದು ನಾನು ಎದ್ದು ತಾಟಿನಲ್ಲಿ ತಂದೆ. ತಾಟನ್ನು ಮೊಣಕೈಯಿಂದ ದೂಡಿದಳು. ಮತ್ತೆ ಅದೇ ಮೂರು. ‘ಆಯಿ, ದೇವರು, ಅನ್ನ.’ ಅಕ್ಷತೆ ಎಂಬ ಚಿತ್ರ ಆ ಪರದೆಯಲ್ಲಿಲ್ಲ, ಅಕ್ಕಿ ಎಂಬುದೂ ಇಲ್ಲ. ಇದ್ದದ್ದರಲ್ಲಿ ಹತ್ತಿರದ್ದನ್ನು ಹುಡುಕಿದ್ದಳು. ಆಮೇಲೆ ತನ್ನ ಎಡ ಅಂಗೈಯನ್ನು ಹರಡಿ, ಬಲ ಅಂಗೈಯನ್ನು ಅದರ ಮೇಲೆ ಮುಚ್ಚಿ, ಒತ್ತಿ ತೋರಿಸಿದಳು. ಕೊನೆಗೆ ‘ಅವ್ವ’ ಎಂದಳು, ‘ಅಳು’ ಎಂದಳು.

ನಿಮ್ಮ ಮಾವನವರು ಪೇಪರ್ ಮಡಚಿದರು. ಮಕರಂದ ನನ್ನ ಕಡೆ ನೋಡಲಿಲ್ಲ. ಈ ಮನೆಯಲ್ಲಿ ಅಂದಿನ ಸಂಗತಿ ಕಂಡವಳು ಮುಕ್ತಾ ಒಬ್ಬಳೇ, ಅವಳ ಬಾಯನ್ನೇ ನಾನು ಮುಚ್ಚಿ ಮೇಲೆ ತೆಂಗಿನಕಾಯಿ ಇಟ್ಟಿದ್ದೆ. ಆಗ ನೀನು ಎದ್ದು, “ಹಸಿವಿ ಆಗಿರಬೇಕು, ಬಾ” ಎಂದು ಅವಳನ್ನು ಎತ್ತಿಕೊಂಡು ಒಳಗೆ ಹೋದೆ. ನನ್ನ ಮಾನ ಉಳಿಸಲು ಆ ಮಾತು ಹೇಳಿದೆ. ಮರುದಿನ ಇಬ್ಬರೂ ಔರಾದಿಗೆ ಹೊರಟಿರಿ. ನಾನು ಬಾಗಿಲಲ್ಲಿ ನಿಂತು ದೀಪಾವಳಿಯ ಎಣ್ಣೆ, ಸೀಗೆಪುಡಿಯ ಮಾತಾಡಿದೆ.

ನಿನ್ನ ಕಾಗದ ಬಂದ ಸಂಜೆ ತುಳಸಿ ಕಟ್ಟೆಯ ಎದುರು ಅದೇ ಹೆಣ್ಣುಮಕ್ಕಳು ಸೇರಿದ್ದರು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಆರತಿಯ ಮೊದಲು ಹೇಳಿದೆ, ಅಕ್ಷತೆ ಇಟ್ಟು ಮುಚ್ಚಿದವಳು ನಾನು, ಕೇತಕಿಯದು ಏನೂ ತಪ್ಪಿಲ್ಲ, ಮುಕ್ತಾ ಹೇಳಿದ ಮೇಲೆ ತಿಳಿಯಿತು ಎಂದು.  ಬಳೆ ಕೊಡಲು ಬಂದು ಕಟ್ಟೆಯ ಬದಿಗೆ ನಿಂತಿದ್ದ ವಜೀರಬೀ, “ಕೂಸು ಛಲೋ ವಕೀಲ ಆಗ್ತದ್ರಿ” ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಕೇತಕಿ, ನಿನಗೆ ನಾನು ಬಹಳ ಋಣಿ. ನನ್ನ ಮೊಮ್ಮಗಳಿಗೆ ಮಾತು ಕೊಟ್ಟದ್ದಕ್ಕೆ, ನನ್ನ ಮಾತಿಗೆ ಮಾತು ಬೆಳೆಸದಿದ್ದಕ್ಕೆ, ಏಳನೆಯ ಸಾಲನ್ನು ಏಳನೆಯದಾಗಿ ಇಟ್ಟದ್ದಕ್ಕೆ. ನಿನಗೆ ದೇವರು ಆಯುಷ್ಯ, ಆರೋಗ್ಯ ಕೊಡಲಿ. ಮುಕ್ತಾಳ ಎರಡೂ ಕೆನ್ನೆಗೆ ನನ್ನ ಮುದ್ದು. ನಿನ್ನ ತಾಯಿಯವರಿಗೆ ನಮಸ್ಕಾರ. ನಾಳೆ ಮುಂಜಾನೆ ಮಕರಂದ ಲ್ಯಾಪ್‌ಟಾಪ್ ತರುತ್ತಾನೆ. ಈ ಪತ್ರವನ್ನು ಮುಚ್ಚಳದ ನಡುವೆ ಇಟ್ಟಿಲ್ಲ, ಚೀಲದ ಹೊರಜೇಬಿನಲ್ಲಿದೆ.

ನಿನ್ನ ಅತ್ತೆ,
ಕುಮುದಿನಿ

ತಾ.ಕ. — ಸಹಿ ಮಾಡಿ ಲಕೋಟೆ ಅಂಟಿಸಲು ಹೋದೆ, ಕೈ ಏಳಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ.

ಅಕ್ಟೋಬರ್ ನಾಲ್ಕರಂದು ಒಡೆದ ಪರದೆಯನ್ನು ಮೊದಲ ಸಲ ಅರ್ಫಾತನ ಅಂಗಡಿಗೆ ಒಯ್ದಾಗ ಮಕರಂದನ ಜೊತೆ ನಾನೂ ಹೋಗಿದ್ದೆ. ಮಕರಂದ ಚಹಾಕ್ಕೆ ಹೊರಗೆ ಹೋದ. ಅರ್ಫಾತ ಬಿಚ್ಚಿ ನೋಡಿ, ಗುಂಡಿಗಳ ಸಂದಿನಿಂದ ಮೂರು ಅಕ್ಷತೆ ಕಾಳು ಚಿಮಟದಿಂದ ತೆಗೆದ. ಅರಿಶಿನ ಇನ್ನೂ ಹಸಿಯಾಗಿಯೇ ಕಾಣುತ್ತಿತ್ತು. ಸೀಳು ಎದ್ದ ಜಾಗವನ್ನು ಅವನು ಬೆರಳಿಟ್ಟು ತೋರಿಸಿದನಷ್ಟೆ, ಅದು ನಾನು ಅಡಿಕೆ ಇಟ್ಟ ಜಾಗವೇ. ಕಾಳುಗಳನ್ನು ಕಾಗದದಲ್ಲಿ ಮಡಚಿ ನನ್ನ ಕೈಗೆ ಕೊಟ್ಟ. “ಆಯಿ, ನಿಮ್ಮ ದೇವ್ರ ಸಾಮಾನ ಅದ. ನೀವ ಇಟ್ಕೋರಿ. ನಾ ಯಾರಿಗೂ ಹೇಳಂಗಿಲ್ಲ.”

ನಾನು ಏನಂದೆ ಗೊತ್ತೇನು? “ಕೂಸು ಆಡ್ವಾಗ ಹಾಕಿರಬೇಕು” ಎಂದೆ. ನಿನ್ನ ಮೇಲೆ ಹೊರಿಸಿದ್ದು ಸಾಲದೆ ಅವಳ ಮೇಲೂ ಹೊರಿಸಿದೆ. “ಇರಬಹುದ್ರಿ” ಎಂದು ಅವನು ತಲೆ ತಗ್ಗಿಸಿ ಕೆಲಸ ಮುಂದುವರಿಸಿದ. ಅಜ್ಜ ಕರೀಮ ಸಾಬರು ಕಣ್ಣಿನ ಭೂತಗನ್ನಡಿ ತೆಗೆಯಲೇ ಇಲ್ಲ.

ಅಂದರೆ ನನಗೆ ಗೊತ್ತಿತ್ತು. ಮುಕ್ತಾ ಹೇಳುವುದಕ್ಕೆ ಹದಿನಾಲ್ಕು ದಿನ ಮೊದಲೇ ಗೊತ್ತಿತ್ತು. ಅವಳು ನನ್ನ ತೊಡೆಯ ಮೇಲೆ ಬೆರಳು ಒತ್ತುವಾಗ ಏನು ಹೇಳುತ್ತಿದ್ದಾಳೆ ಎಂದು ಗೊತ್ತಿತ್ತು. ನೀನು ಅಡಿಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಕಣ್ಣು ಒರೆಸಿಕೊಳ್ಳುವಾಗ ಆ ಕಾಗದದ ಪುಡಿಕೆ ನನ್ನ ಕುಂಕುಮದ ಡಬ್ಬಿಯಲ್ಲಿತ್ತು. ದಿನಾ ಡಬ್ಬಿ ತೆರೆದು ಹಣೆಗೆ ಇಟ್ಟುಕೊಂಡೆ, ದಿನಾ ಮುಚ್ಚಿದೆ. ನೈವೇದ್ಯದ ತಾಟು ತಂದದ್ದೂ ಗೊತ್ತಿದ್ದೇ ತಂದದ್ದು. ತುಳಸಿ ಕಟ್ಟೆಯ ಮುಂದೆ ‘ಮುಕ್ತಾ ಹೇಳಿದ ಮೇಲೆ ತಿಳಿಯಿತು’ ಎಂದೆನಲ್ಲ, ಅದೂ ಸುಳ್ಳು. ಈ ಪತ್ರದಲ್ಲಿ ಅದನ್ನು ಮತ್ತೆ ಹಾಗೇ ಬರೆದು ಸಹಿಯನ್ನೂ ಮಾಡಿದ್ದೆ. ನಾನು ತಪ್ಪು ಮಾಡಿದೆ ಎನ್ನುವ ಮಾತು ಈ ಅರವತ್ತಾರು ವರ್ಷದಲ್ಲಿ ನನ್ನ ಬಾಯಿಂದ ಬಂದದ್ದಿಲ್ಲ. ಬರಲು ದಾರಿಯೇ ಗೊತ್ತಿರಲಿಲ್ಲ. ಆ ಪುಡಿಕೆ ಈ ಲಕೋಟೆಯಲ್ಲೇ ಇದೆ. ಏನು ಬೇಕಾದರೂ ಮಾಡು. ಇದನ್ನು ಓದಿದ ಮೇಲೆ ಇಲ್ಲಿಗೆ ಬರುವುದು, ಬಿಡುವುದು ನಿನಗೆ ಬಿಟ್ಟದ್ದು. ಗೂಡು ಖಾಲಿಯೇ ಇರುತ್ತದೆ, ಅದರಲ್ಲಿ ಬೇರೆ ಏನನ್ನೂ ಇಡುವುದಿಲ್ಲ.

ಇವತ್ತು ಗಾರ್ಡ್ ಹಾಕಿದ ಮೇಲೆ ಅರ್ಫಾತನಿಗೆ ಇನ್ನೊಂದು ಕೆಲಸ ಹೇಳಿದೆ. ನಿನ್ನನ್ನು ಕೇಳದೆ ಮಾಡಿಸಿದ್ದೇನೆ. ಮುಕ್ತಾಳ ಚಿತ್ರಗಳ ಕೊನೆಯಲ್ಲಿ ಎರಡು ಹೊಸ ಚಿತ್ರ ಕೂಡಿಸಿದ್ದಾನೆ. ಒಂದು ಎತ್ತಿದ ಅಂಗೈ. ಅದು ನನ್ನ ಬಲಗೈ, ಪಾಟಲಿ ಇಲ್ಲದ್ದು, ಉಂಗುರದ ಬಿಳಿ ಗುರುತು ಕಾಣುತ್ತದೆ. ಅದನ್ನು ಮುಟ್ಟಿದರೆ ‘ಬ್ಯಾಡ’ ಎನ್ನುತ್ತದೆ. ಇನ್ನೊಂದು ನನ್ನ ಮುಖ, ‘ಆಯಿ’ ಎನ್ನುವ ಹಳೆಯ ಫೋಟೋ ಬೇರೆ, ಇದು ಇವತ್ತು ತೆಗೆದದ್ದು. ಎರಡಕ್ಕೂ ದನಿ ನನ್ನದೇ. ಅಂಗಡಿಯ ಒಳಕೋಣೆಯಲ್ಲಿ ಪಂಖಾ ಆರಿಸಿ ಮಾತು ತುಂಬಿಸಿಕೊಂಡ. ಮೊದಲ ಸಲ ದನಿ ಏರಿತು. ಎರಡನೆಯ ಸಲ ಮಾತನ್ನು ಅರ್ಧಕ್ಕೇ ಬಿಟ್ಟೆ. ಮೂರನೆಯ ಸಲ ಸರಿಯಾಗಿ ಬಂತು. ಅವನು ನನ್ನ ಮುಖದ ಚಿತ್ರವನ್ನು ಒತ್ತಿ ಕೇಳಿಸಿದ. “ತಪ್ಪು ಆಯೀದ ಅದ” ಎಂದು ನಾನೇ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.